ಗಾಂಜಾ ಕೇಸಿನ್ಯಾಗ 10 ವರ್ಷ ಆಗೇತಿ, ಪಿಪಿ (ಸರ್ಕಾರಿ ವಕೀಲ) ಸಾಹೇಬ್ರು ಕಡೀ ವಾದದಾಗ ಇಲ್ಲದ್ದೆಲ್ಲಾ ಹೇಳಿದ್ರು. ಇದರ ಮ್ಯಾಲೆ ಅಪೀಲ್ ಹಾಕಾಕ ಬರ್ತೈತೇನ್ರೀ?

ಮೆಣಸಿನಕಾಯಿ_ಹೊಲ (ಹಾವೇರಿ ಜಿಲ್ಲಾ)

ನಮಸ್ಕಾರ್ರೀ ಎಲ್ಲಾರ್ಗೂ. ಸ್ವಲ್ಪ ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ದೊಡ್ಡಪ್ಪನ ಮಗ, ನನಗಿಂತ ನಾಕ್ ವರ್ಷ ದೊಡ್ಡಾಂವ, ಟಾಟಾ ಏಸ್ ಇಟ್ಕೊಂಡು ಬಾಡಿಗಿ ಹೊಡೀತಿದ್ದ, ಸೀಜನ್ದಾಗ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ, ಉಳಿದ ಟೈಮಿನ್ಯಾಗ ಸಿಮೆಂಟು ಕಬ್ಬಿಣ ಏನ್ ಸಿಕ್ರೂ. 2022ರ ಫೆಬ್ರುವರಿ ಒಳಗ ಬಳ್ಳಾರಿ ಕಡಿಂದ ಲೋಡ್ ತರೂ ಮುಂದ ನಸಿಕಿನ್ಯಾಗ ಪೊಲೀಸ್ರು ಗಾಡಿ ತರುಬಿದ್ರು, 18 ಚೀಲ ಮೆಣಸಿನಕಾಯಿ ಇದ್ವು, ನಟ್ಟ ನಡುವ ಎರಡು ಚೀಲದಾಗ ಗಾಂಜಾ ಸಿಕ್ತು. ತೂಕ 21 ಕೆಜಿ 400 ಗ್ರಾಮ್ ಅಂತ ಪಂಚನಾಮಿ ಒಳಗ ಬರದಾರ. 20 ಕೆಜಿ ದಾಟಿದ್ರ ಕಮರ್ಷಿಯಲ್ ಅಂತಲ್ರೀ, ಹಂಗಾಗಿ ಬೇಲ್ ಸಿಗಲೇ ಇಲ್ಲ, ಅವತ್ತಿಂದ ಒಳಗೇ ಅದಾನ. ಲೋಡ್ ಹೇರ್ಸಿದಾಂವ ಇವತ್ತಿಗೂ ಸಿಕ್ಕಿಲ್ಲ. ಅಣ್ಣ ಸಾಚಾ ಅಂತ ನಾ ಏನ್ ಆಣಿ ಮಾಡಿ ಹೇಳೂದಿಲ್ಲ, ನನಗ ಚೀಲದಾಗ ಏನೈತಿ ಗೊತ್ತಿರ್ಲಿಲ್ಲ ಅಂತಾನ, ಅಷ್ಟ.

ಈಗ 38 ದಿನದ ಹಿಂದ ಜಡ್ಜ್‌ಮೆಂಟ್ ಆತು. 10 ವರ್ಷ ಶಿಕ್ಷಾ, 1 ಲಕ್ಷ ದಂಡ, ಕಟ್ಟದಿದ್ರ ಇನ್ನ ಆರ್ ತಿಂಗಳು. ಯಾವ ಕೋರ್ಟ್ ಅಂತ ಇಲ್ಲಿ ಬರಿಯೂದಿಲ್ಲ, ಈ ಕಡೆ ಒಂದು ಜಿಲ್ಲಾ ಕೋರ್ಟ್ ಅನ್ಕೋರ್ರಿ.

ಕಡೀ ವಾದದ ದಿನ ನಾ ಹಿಂದಿನ ಬೆಂಚಿನ್ಯಾಗ ಕುಂತಿದ್ದೆ. ಪಿಪಿ ಸಾಹೇಬ್ರು ಮುಕ್ಕಾಲ ತಾಸು ಮಾತಾಡಿದ್ರು. ಹುಬ್ಬಳ್ಳಿ ಧಾರವಾಡ ಹಾಸ್ಟೆಲ್ ಹುಡುಗ್ರ ರಕ್ತದಾಗ ಇಂಥಾವ್ರು ವಿಷ ಬೆರಸಾಕತ್ತಾರ, ಇವನ್ನ ಬಿಟ್ರ ನಾಳೆ ನಮ್ಮ ನಿಮ್ಮ ಮನಿ ಮಕ್ಕಳೂ ಅಂತ ಶುರು ಮಾಡಿದ್ರು. ಆಮ್ಯಾಲೆ ಇವನ ಮ್ಯಾಲೆ ಮೊದ್ಲೂ ಒಂದು ಕೇಸ್ ಐತಿ ಅಂದ್ರು. ಇತ್ತು ಖರೆ, ಅದು ಓಸಿ ಕೇಸ್ ರೀ, ಮಟ್ಕಾ ಚೀಟಿ, ಅದ್ರಾಗೂ ಬಿಡುಗಡಿ ಆಗೇತಿ, ಇವ್ರು ಹೇಳಿದ್ ಕೇಳಿದ್ರ ಮೊದ್ಲೂ ಗಾಂಜಾನೇ ಮಾರಿದ್ದ ಅನ್ನೂ ಹಂಗ. ತಪ್ಪು ಮಾಡಿಲ್ಲಂದ್ರ ಸಾಕ್ಷಿ ಕಟಕಟಿ ಹತ್ತಿ ಹೇಳಬೇಕಾಗಿತ್ತಲ್ಲ, ಯಾಕ ಬಾಯಿ ಮುಚ್ಕೊಂಡು ಕುಂತ ಅಂದ್ರು. ಕಡೀಗೆ ಸ್ಟೇಷನ್ದಾಗ ಇವನೇ ಒಪ್ಕೊಂಡು ಹೇಳಿಕಿ ಕೊಟ್ಟಾನ, ಇನ್ನೇನ್ ಬೇಕು ಅಂದ್ರು. ನಮ್ಮ ವಕೀಲ್ರು ಒಮ್ಮೆನೂ ಎದ್ದು ತಕರಾರು ಮಾಡ್ಲಿಲ್ಲ, ಫೈಲ್ ನೋಡ್ಕೋಂತ ಕುಂತಿದ್ರು.

ನಮ್ಮ ಅಳಿಯ ಇಂಜಿನಿಯರಿಂಗ್ ಓದ್ತಾನ, ಅಂವ ಅಂತಾನ ಅಮೆರಿಕಾದಾಗ ಸರ್ಕಾರಿ ವಕೀಲ ಕಡೀ ವಾದದಾಗ ಹಿಂಗ ಮಿತಿ ಮೀರಿ ಮಾತಾಡಿದ್ರ ಶಿಕ್ಷಾನೇ ಕ್ಯಾನ್ಸಲ್ ಆಗ್ತೈತಿ ಮಾಮಾ ಅಂತ. ನಮ್ಮಲ್ಲೂ ಹಂಗ ಐತೇನ್ರೀ? ಇದೊಂದ ಪಾಯಿಂಟ್ ಹಿಡ್ಕೊಂಡು ಧಾರವಾಡ ಹೈಕೋರ್ಟಿಗೆ ಹೋದ್ರ ನಡೀತೈತಾ? ದೊಡ್ಡಪ್ಪ ಎರಡೆಕರೆ ಮಾರಾಕ ರೆಡಿ ಅದಾನ, ಅದಕ್ಕ ಕೇಳಾಕತ್ತೇನಿ.

ಗದಗ_ಎಕ್ಸ್‌ಪ್ರೆಸ್

ಬ್ರೋ ಪಿಪಿ ಮಾತು ಬಿಡ್ರಿ, ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಸೆಕ್ಷನ್ 50 ನೋಡ್ರಿ. ಗೆಜೆಟೆಡ್ ಆಫೀಸರ್ ಇಲ್ಲಾ ಮ್ಯಾಜಿಸ್ಟ್ರೇಟ್ ಮುಂದ ತಪಾಸಣಿ ಮಾಡಸ್ಕೊಳ್ಳೂ ಹಕ್ಕು ಐತಿ ಅಂತ ಹೇಳಿಲ್ಲಂದ್ರ ಕೇಸ್ ಖಲ್ಲಾಸ್. ನಮ್ಮ ಊರಾಗ ಒಬ್ಬಾಂವ ಹಂಗೇ ಹೊರಗ ಬಂದ.

ಕರಿಕೋಟು_ಧಾರವಾಡ

ಗದಗದವ್ರ, ಸ್ವಲ್ಪ ತಡೀರಿ. ಸೆಕ್ಷನ್ 50 ಮನಷ್ಯಾನ ಮೈ ಮ್ಯಾಲಿನ ತಪಾಸಣಿಗೆ. ಗಾಡ್ಯಾಗಿನ ಚೀಲಕ್ಕ ಅದು ಬರೂದಿಲ್ಲ, 2005ರಾಗ ಪವನ್ ಕುಮಾರ್ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಕೈಚೀಲ ಅಂದ್ರ ಮೈ ಅಲ್ಲ ಅಂತ ಹೇಳೇದ. ನಿಮ್ಮೂರಿನವ್ರ ಕಿಸೆದಾಗ ಸಿಕ್ಕಿದ್ದಿರಬೇಕು. ಇಲ್ಲಿ ಅದನ್ನ ಹಿಡ್ಕೊಂಡು ಹೋದ್ರ ಮೊದಲ ಐದು ನಿಮಿಷದಾಗ ಕೈ ಖಾಲಿ.

ಈಗ ಹಾವೇರಿಯವ್ರಿಗೆ. ನಾ ಧಾರವಾಡ ಪೀಠದಾಗ ಕ್ರಿಮಿನಲ್ ಅಪೀಲ್ ನಡಸ್ತೀನಿ, ಆದ್ರ ನಿಮ್ಮ ಕಾಗದಾ ನೋಡಿಲ್ಲ, ಅದನ್ನ ತಲ್ಯಾಗ ಇಟ್ಕೊಂಡು ಓದ್ರಿ.

ಎಲ್ಲಾಕ್ಕಿಂತ ಮೊದ್ಲು ತಾರೀಖು. ಹೈಕೋರ್ಟಿಗೆ ಅಪೀಲ್ ಹಾಕಾಕ ಜಡ್ಜ್‌ಮೆಂಟ್ ದಿನದಿಂದ 60 ದಿನ. 38 ಹೋಗ್ಯಾವ. ನಕಲಿಗೆ ಅರ್ಜಿ ಕೊಟ್ಟು ನಕಲು ತಯಾರ ಆಗೂ ತನಕ ಹಿಡಿದ ದಿನ ಲೆಕ್ಕದಾಗ ಕಳೀತಾರ, ತಡ ಆದ್ರ ಕಾರಣ ಕೊಟ್ಟು ಮನ್ನಾ ಕೇಳಾಕೂ ಬರ್ತದ, ಆದ್ರ ಅದ್ಯಾವ್ದನ್ನೂ ನಂಬ್ಕೊಂಡು ಕೂಡಬ್ಯಾಡ್ರಿ. ಶಿಕ್ಷಾ ಆದ ಮನಷ್ಯಾಗ ಜಡ್ಜ್‌ಮೆಂಟಿನ ಒಂದು ಪ್ರತಿ ಪುಕ್ಕಟೆ ಕೊಡಬೇಕು ಅಂತ ಕಾನೂನದಾಗೇ ಅದ, ನಿಮ್ಮ ಅಣ್ಣನ ಕೈಯಾಗ ಕೊಟ್ಟಿರ್ತಾರ, ಅದನ್ನ ಜೈಲಿನಿಂದ ತರಸ್ಕೋರ್ರಿ.

ಇನ್ನ ನೀವು ಕೇಳಿದ್ದು. ನಮ್ಮಲ್ಲಿ ಪಿಪಿ ಮಾತಾಡಿದ್ದು ಸಾಕ್ಷಿ ಅಲ್ಲ, ನಮ್ಮ ವಕೀಲ್ರು ಮಾತಾಡಿದ್ದೂ ಸಾಕ್ಷಿ ಅಲ್ಲ. ಕೇಳಾಂವ ಜಡ್ಜ್, ಅವ್ರಿಗೆ ಯಾವ್ದು ತಗೋಬೇಕು ಯಾವ್ದು ಬಿಡಬೇಕು ತಿಳೀತದ ಅಂತ ಹೈಕೋರ್ಟ್ ಹಿಡದು ನಡೀತದ. ಹಂಗಾಗಿ ಪಿಪಿ ಹಿಂಗಂದ್ರು ಅಂತ ಅಪೀಲ್ ಮೆಮೊದಾಗ ಬರದ್ರ, ಅಂದ್ರ ಅನ್ಲಿ, ಜಡ್ಜ್ ಅದನ್ನ ನಂಬಿ ಶಿಕ್ಷಾ ಕೊಟ್ಟಾರೇನು ಅಂತ ಕೇಳ್ತಾರ. ಅದಕ್ಕ ನೀವು ಹುಡುಕೂದು ಪಿಪಿ ಬಾಯಾಗ ಅಲ್ಲ, ಜಡ್ಜ್‌ಮೆಂಟಿನ ಹೊಟ್ಟ್ಯಾಗ.

ಜಡ್ಜ್‌ಮೆಂಟ್ ಓದೂ ರೀತಿ ಹೇಳ್ತೀನಿ. ಮೊದ್ಲ ಕೇಸಿನ ಕಥಿ, ಆಮ್ಯಾಲೆ ಎಷ್ಟು ಸಾಕ್ಷಿ ಎಷ್ಟು ದಾಖಲಿ, 313 ಹೇಳಿಕಿ (ಸಾಕ್ಷಿ ಬಗ್ಗೆ ಜಡ್ಜ್ ಆರೋಪಿಗೆ ಕೇಳೂ ಪ್ರಶ್ನಿ, ಅವನ ಉತ್ತರ), ಆಮ್ಯಾಲೆ ಸರ್ಕಾರದ ಪರ ಹಿಂಗ ವಾದಿಸಿದ್ರು ಆರೋಪಿ ಪರ ಹಂಗ ವಾದಿಸಿದ್ರು ಅಂತ ಒಂದೆರಡು ಪ್ಯಾರಾ ಬರ್ತಾವ. ಅಲ್ಲೀ ತನಕ ಬರೇ ವರದಿ. ಅದರ ಮುಂದ ತೀರ್ಮಾನಕ್ಕೆ ಬಂದ ಅಂಶಗಳು ಅಂತ ಬರದು, ಅಂಶ 1 ಸಕಾರಾತ್ಮಕ ಅಂತ ಹಾಕಿ, ಕಾರಣಗಳು ಅಂತ ತಲಿಬರಹ ಕೊಡ್ತಾರ. ಆ ಕಾರಣಗಳು ಅನ್ನೂದರ ಕೆಳಗ ಪಿಪಿ ಮಾತು ಜಡ್ಜ್ ಮಾತಾಗಿ ಬಂದದೇನು ನೋಡ್ರಿ. ಬಂದಿದ್ರ ಅದು ನಿಮ್ಮ ಗ್ರೌಂಡ್, ಅಂದ್ರ ಅಪೀಲಿನ ಆಧಾರ. ಮ್ಯಾಲಿನ ಭಾಗದಾಗಷ್ಟೇ ಇದ್ರ ಅದ್ರಾಗ ಏನೂ ಹುರುಳಿಲ್ಲ.

ನೀವು ಹೇಳಿದ ನಾಕೂ ಒಂದೇ ತೂಕದವಲ್ಲ. ಹಾಸ್ಟೆಲ್ ಹುಡುಗ್ರು, ವಿಷ ಅನ್ನೂದನ್ನ ಬಿಟ್ಟ್ ಬಿಡ್ರಿ, ಹೈಕೋರ್ಟ್ ಸುಪ್ರೀಂ ಕೋರ್ಟ್ ಸೈತ ಬೇಲ್ ಆರ್ಡರಿನ್ಯಾಗ ಸಮಾಜಕ್ಕ ಮಾರಕ ಅಂತ ಬರೀತಾವ. ಹಳೇ ಕೇಸ್ ಅನ್ನೂದು ತಪ್ಪ ಹೌದು, ಆರೋಪಿ ತಾನೇ ನಾ ಭಾಳ ಒಳ್ಳ್ಯಾಂವ ಅಂತ ಸಾಕ್ಷಿ ತರದ ಹೊರತು ಅವನ ಕೆಟ್ಟ ನಡತಿ ಮಾತು ತರೂ ಹಂಗಿಲ್ಲ ಅಂತ ಎವಿಡೆನ್ಸ್ ಆಕ್ಟ್ 54 ಹೇಳ್ತಿತ್ತು, ಅದೂ ಬಿಡುಗಡಿ ಆದ ಓಸಿ ಕೇಸ್ ಅಂದ್ರ ಕೇಳೂದೇ ಬ್ಯಾಡ. ಸ್ಟೇಷನ್ ಹೇಳಿಕಿ ಅಂತೂ ಸತ್ತ ಹಾಳಿ, ಪೊಲೀಸ್ರ ಮುಂದ ಒಪ್ಕೊಂಡಿದ್ದು ಸಾಬೀತು ಮಾಡೂ ಹಂಗಿಲ್ಲ. ಎನ್‌ಡಿಪಿಎಸ್ ಅಂದ್ರ ಬ್ಯಾರೆ ಅಂತ ಮೊದ್ಲ ಗೊಂದಲ ಇತ್ತು, 2020ರಾಗ ತೂಫಾನ್ ಸಿಂಗ್ ಕೇಸಿನ್ಯಾಗ ಆ ಕಾಯ್ದೆದ 67ರ ಕೆಳಗ ತನಿಖಾ ಅಧಿಕಾರಿ ಮುಂದ ಕೊಟ್ಟ ಹೇಳಿಕಿನೂ ತಪ್ಪೊಪ್ಪಿಗಿ ಅಂತ ಬಳಸೂ ಹಂಗಿಲ್ಲ ಅಂತ ಆತು.

ನಿಮ್ಮ ಪಟ್ಟ್ಯಾಗ ಖರೇ ಕಸುವು ಇರೂದು ಕಟಕಟಿ ಮಾತಿನ್ಯಾಗ. ಯಾಕಂದ್ರ ಇದೊಂದನ್ನ ಕಾನೂನು ಹೆಸರು ಹಿಡದು ನಿಷೇಧ ಮಾಡೇದ. ಸಿಆರ್‌ಪಿಸಿ (ಕ್ರಿಮಿನಲ್ ಕೇಸ್ ನಡಸೂ ಹಳೇ ಕಾಯ್ದೆ) 315, ಈಗ ಅದರ ಜಾಗಾದಾಗ ಬಂದ ಬಿಎನ್‌ಎಸ್‌ಎಸ್ 353. ಆರೋಪಿ ತಾನಾಗೇ ಬರದು ಕೇಳ್ಕೊಂಡ್ರ ಅಷ್ಟ ಸಾಕ್ಷಿ ಹೇಳಬೇಕು, ಹೇಳಲಿಲ್ಲಂದ್ರ ಅದರ ಬಗ್ಗೆ ಎದುರು ಪಾರ್ಟಿನೂ ಟೀಕಾ ಮಾಡೂ ಹಂಗಿಲ್ಲ, ಕೋರ್ಟೂ ಮಾಡೂ ಹಂಗಿಲ್ಲ, ಅದರಿಂದ ಅವನ ವಿರುದ್ಧ ಊಹೆನೂ ಮಾಡೂ ಹಂಗಿಲ್ಲ. ಪಿಪಿಗೂ ಅನ್ವಯ, ಜಡ್ಜಿಗೂ ಅನ್ವಯ. ಆದ್ರ ಇಲ್ಲೊಂದು ಗಂಟದ. ಎನ್‌ಡಿಪಿಎಸ್ 35, 54 ಅಂತ ಎರಡು ಸೆಕ್ಷನ್ ಅವ, ಮಾಲು ನಿನ್ನ ತಾಬಾದಾಗ ಸಿಕ್ಕಿದ್ರ ನಿನಗ ಗೊತ್ತಿತ್ತು ಅಂತ ಹಿಡೀತೇವಿ, ಇಲ್ಲಂತ ನೀನೇ ತೋರ್ಸು ಅಂತ. ಸರ್ಕಾರದವ್ರು ನಾವು ಅವನ ಮೌನದ ಬಗ್ಗೆ ಹೇಳಲಿಲ್ಲ, ವಿವರಣೆ ಕೊಟ್ಟಿಲ್ಲ ಅಂತ ಹೇಳಿದ್ವಿ ಅಂತಾರ. ಅದಕ್ಕ 2008ರ ನೂರ್ ಆಗಾ ಕೇಸ್ ಹಿಡ್ಕೋಬೇಕು, ಮೊದ್ಲ ಸರ್ಕಾರ ತನ್ನ ಬುನಾದಿ ಸಾಬೀತು ಮಾಡಬೇಕು, ಆಮ್ಯಾಲಷ್ಟ ಭಾರ ಆರೋಪಿ ಹೆಗಲಿಗೆ.

ನಿಮ್ಮ ವಕೀಲ್ರು ಎದ್ದು ತಕರಾರು ಮಾಡಲಿಲ್ಲ ಅಂತ ಸಿಟ್ಟಾಗಬ್ಯಾಡ್ರಿ, ನಮ್ಮ ಕೋರ್ಟಿನ್ಯಾಗ ಕಡೀ ವಾದದ ನಡುವ ಯಾರೂ ಹಂಗ ಪದೇ ಪದೇ ಏಳೂದಿಲ್ಲ, ಕಾನೂನು ತಪ್ಪಿದ್ರ ಉತ್ತರದಾಗ ಹೇಳ್ತಾರ. ಅವ್ರು ಉತ್ತರದಾಗಾದ್ರೂ 315 ಎತ್ತಿದ್ರೋ ಇಲ್ಲೋ ಅದನ್ನ ಕೇಳ್ರಿ.

ನವನಗರ_ಲಾ_ಹುಡುಗಿ

ಅಳಿಯ ಹೇಳಿದ್ದು ಪೂರ್ತಿ ಸುಳ್ಳಲ್ಲ ರೀ, ಅರ್ಧಾ. ಅಮೆರಿಕಾದಾಗ ತೀರ್ಪು ಕೊಡೂದು ಜೂರಿ, ಕಾನೂನು ಓದದ 12 ಮಂದಿ, ಸರ್ಕಾರಿ ವಕೀಲ ಕಡೀಗೆ ಏನ್ ಹೇಳ್ತಾನ ಅದು ತಲ್ಯಾಗ ಕುಂತ ಒಳಗ ಹೋಗಿ ಬಾಗಲಾ ಹಾಕ್ಕೊಂಡು ತೀರ್ಮಾನ ಮಾಡ್ತಾರ, ಯಾಕ ಹಂಗ ಮಾಡಿದ್ವಿ ಅಂತ ಕಾರಣ ಬರದು ಕೊಡೂದಿಲ್ಲ. ಅದಕ್ಕ ಅಲ್ಲಿ ಕ್ಲೋಸಿಂಗ್ ಆರ್ಗ್ಯುಮೆಂಟ್ ಮ್ಯಾಲೆ ಇಷ್ಟು ಜಗಳ. ನಮ್ಮಲ್ಲಿ ಜಡ್ಜ್ ಕಾರಣ ಬರೀಲೇಬೇಕು, ಮ್ಯಾಲೆ ಸರ್ ಹೇಳಿದ್ರಲ್ಲ, ಜಗಳ ಆ ಕಾರಣದ ಮ್ಯಾಲೆ. ನಮ್ಮಲ್ಲೂ ಮೊದ್ಲ ಜೂರಿ ಇತ್ತು, 1959ರ ನಾನಾವಟಿ ಕೇಸ್ ಎಲ್ಲಾರಿಗೂ ಗೊತ್ತು, 1973ರ ಸಿಆರ್‌ಪಿಸಿ ಬಂದ ಮ್ಯಾಲೆ ಕ್ರಿಮಿನಲ್ ಕೇಸಿಗೆ ಅದು ಇಲ್ಲ.

ಅಲ್ಲಿ 1935ರ ಬರ್ಜರ್ ಕೇಸ್ ಅಂತ ಅದ, ಸರ್ಕಾರಿ ವಕೀಲ ಜೋರಾಗಿ ಹೊಡೀಬಹುದು ಆದ್ರ ಮೋಸದ ಏಟು ಹೊಡಿಯೂ ಹಂಗಿಲ್ಲ ಅನ್ನೂ ಅರ್ಥದ ಮಾತು ಅಲ್ಲಿಂದ ಬಂದದ್ದು, ಆ ಶಿಕ್ಷಾ ರದ್ದಾತು. 1965ರ ಗ್ರಿಫಿನ್ ಕೇಸಿನ್ಯಾಗ ಆರೋಪಿ ಸಾಕ್ಷಿ ಹೇಳಲಿಲ್ಲ ಅಂತ ಸರ್ಕಾರಿ ವಕೀಲ ಟೀಕಾ ಮಾಡೂ ಹಂಗಿಲ್ಲ ಅಂತ ಅವ್ರ ಸುಪ್ರೀಂ ಕೋರ್ಟ್ ಅಂತು. ಮಜಾ ಅಂದ್ರ ನಮ್ಮ 315ರಾಗ ಅದು ನೇರ ಸೆಕ್ಷನ್ ಒಳಗೇ ಬರದದ, ಅವ್ರು ಸಂವಿಧಾನದಿಂದ ಎಳದು ತರಬೇಕಾತು. ಆದ್ರ ಅಳಿಯಾಗ ಇದನ್ನೂ ಹೇಳ್ರಿ: ಅಲ್ಲಿ ನಿಮ್ಮ ವಕೀಲ ಆಗಿಂದಾಗೇ ಅಬ್ಜೆಕ್ಷನ್ ಅನ್ನಲಿಲ್ಲಂದ್ರ ಅಪೀಲಿನ್ಯಾಗ ಭಾಳ ಕಷ್ಟ, 1985ರ ಯಂಗ್ ಕೇಸಿನ್ಯಾಗ ಸರ್ಕಾರಿ ವಕೀಲ ಮಾತಾಡಿದ್ದು ತಪ್ಪು ಅಂತ ಒಪ್ಕೊಂಡೂ ಶಿಕ್ಷಾ ಉಳಿಸಿದ್ರು, ಯಾಕಂದ್ರ ವಕೀಲ್ರು ಸುಮ್ಮನ ಕುಂತಿದ್ರು. ಅಲ್ಲೇನೂ ಪುಕ್ಕಟೆ ಕ್ಯಾನ್ಸಲ್ ಆಗೂದಿಲ್ಲ 😀

ನಮ್ಮಲ್ಲಿ ಪಿಪಿ ಬಗ್ಗೆ ಶಿವ್ ಕುಮಾರ್ ಕೇಸ್ ಅದ, 1999, ಹೆಂಗಾರ ಮಾಡಿ ಶಿಕ್ಷಾ ಕೊಡಸಬೇಕು ಅನ್ನೂ ದಾಹ ಪಿಪಿಗೆ ಇರಬಾರ್ದು, ಆರೋಪಿಗೆ ಅನುಕೂಲ ಆಗೂ ಸಂಗತಿ ಇದ್ರೂ ಕೋರ್ಟಿನ ಮುಂದ ತರಬೇಕು ಅಂತ. ಪರೀಕ್ಷಾದಾಗ ಬರೀತೀವಿ, ಕೋರ್ಟಿನ್ಯಾಗ ನೋಡಿದ್ದು ಕಮ್ಮಿ.

ಹಳೇ_ಶಿರಸ್ತೇದಾರ

ತಮ್ಮಾ, ನಾ ಕೋರ್ಟಿನ ಆಫೀಸಿನ್ಯಾಗ 31 ವರ್ಷ ಇದ್ದಾಂವ. ವಕೀಲರು ಹೇಳಿದ್ದು ಬರೋಬ್ಬರಿ. ನಾ ಕಾಗದದ ಮಾತು ಹೇಳ್ತೀನಿ.

ಪಿಪಿ ಅಷ್ಟೊತ್ತು ಮಾತಾಡಿದ್ದನ್ನ ಯಾರೂ ಅಕ್ಷರ ಅಕ್ಷರ ಬರಕೊಂಡಿರೂದಿಲ್ಲ. ಸಾಕ್ಷಿ ಹೇಳಿಕಿ ಟೈಪ್ ಆಗ್ತೈತಿ, ವಾದ ಆಗೂದಿಲ್ಲ. ಆರ್ಡರ್ ಶೀಟಿನ್ಯಾಗ ಆವತ್ತಿನ ತಾರೀಖಿಗೆ ವಾದ ಆಲಿಸಲಾಯಿತು, ತೀರ್ಪಿಗಾಗಿ ಅಂತ ಒಂದ ಸಾಲು ಇರ್ತೈತಿ, ಮುಗೀತು. ನೀ ಹಿಂದಿನ ಬೆಂಚಿನ್ಯಾಗ ಕುಂತು ಕೇಳೇನಿ ಅಂದ್ರ ಹೈಕೋರ್ಟಿನ್ಯಾಗ ಅದಕ್ಕ ಬೆಲಿ ಇಲ್ಲ. ಕೋರ್ಟಿನ್ಯಾಗ ಏನ್ ನಡೀತು ಅನ್ನೂದಕ್ಕ ಜಡ್ಜ್ ಬರದಿದ್ದೇ ಕಡೀ ಮಾತು, 1982ರ ರಾಮದಾಸ್ ನಾಯಕ್ ಕೇಸ್ ಅಂತ ವಕೀಲರು ಆಗಾಗ ಅಂತಿದ್ರು, ತಪ್ಪು ಬರದಾರ ಅನಿಸಿದ್ರ ನೆನಪು ಹಸಿ ಇದ್ದಾಗೇ ಅದೇ ಜಡ್ಜ್ ಮುಂದ ಹೋಗಬೇಕು ಅಂತ.

ಆದ್ರ ಒಂದು ಹಾದಿ ಐತಿ. ಪಿಪಿ ಲಿಖಿತ ವಾದ ಕೊಟ್ಟಾರೇನು ನೋಡು. ಸಿಆರ್‌ಪಿಸಿ 314ರ ಪ್ರಕಾರ ಬಾಯಿ ವಾದದ ಜೋಡಿ ಬರದು ಕೊಟ್ರ ಅದು ಫೈಲಿನ ಭಾಗ ಆಗ್ತೈತಿ. ಅದ್ರಾಗ ಕಟಕಟಿ ಮಾತು ಇದ್ರ ಕೈಯಾಗ ಸಿಕ್ಕಂಗ. ಅದಕ್ಕ ನಕಲಿಗೆ ಅರ್ಜಿ ಹಾಕೂ ಮುಂದ ಬರೇ ಜಡ್ಜ್‌ಮೆಂಟ್ ಅಂತ ಬರಿಬ್ಯಾಡ. ಆರ್ಡರ್ ಶೀಟ್, 313 ಹೇಳಿಕಿ, ಪಂಚನಾಮಿ, ಎಲ್ಲಾ ಸಾಕ್ಷಿಗಳ ಮುಖ್ಯ ವಿಚಾರಣಿ ಪಾಟೀ ಸವಾಲು, ಎಫ್‌ಎಸ್‌ಎಲ್ (ಸರ್ಕಾರಿ ಲ್ಯಾಬ್) ವರದಿ, ಎರಡೂ ಕಡಿ ಲಿಖಿತ ವಾದ ಅಂತ ಬರದು ಕೊಡು. ಅರ್ಜಿ ಕೊಟ್ಟ ದಿನ ರಸೀದಿ ತಗೋ, ಆ ತಾರೀಖು ಲಿಮಿಟೇಷನ್ (ಅಪೀಲಿನ ಗಡುವು) ಲೆಕ್ಕಕ್ಕ ಬೇಕಾಗ್ತೈತಿ. ಅಲ್ಲೀ ತನಕ ಓದಾಕ ಬೇಕಂದ್ರ ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿ ಇ-ಕೋರ್ಟ್ಸ್ ವೆಬ್‌ಸೈಟಿನ್ಯಾಗ ನೋಡು, ಜಡ್ಜ್‌ಮೆಂಟ್ ಏರಿಸಿದ್ರ ಅಲ್ಲೇ ಸಿಗ್ತೈತಿ.

ಮತ್ತ ಹೊಲ ಮಾರೂದು ಇವತ್ತೇ ಬ್ಯಾಡ. ಜೈಲಿನ್ಯಾಗ ಇದ್ದಾಂವಗ ಆದಾಯ ಎಷ್ಟಿದ್ರೂ ಪುಕ್ಕಟೆ ವಕೀಲ ಕೇಳೂ ಹಕ್ಕು ಐತಿ, 1987ರ ಕಾನೂನು ಸೇವೆಗಳ ಕಾಯ್ದೆ. ಧಾರವಾಡ ಪೀಠಕ್ಕ ಅದರದೇ ಸಮಿತಿ ಐತಿ, 15100ಕ್ಕ ಫೋನ್ ಹಚ್ಚಿ ಕೇಳು. ಟೈಮ್ ಮೀರಾಕ ಬಂತು ಅಂದ್ರ ಅಣ್ಣ ಜೈಲಿನ ಅಧಿಕಾರಿ ಮೂಲಕ ಸೈತ ಅಪೀಲ್ ಕಳಸಬಹುದು, ವಕಾಲತ್ತು ಆಮ್ಯಾಲೆ. ಪುಕ್ಕಟೆ ವಕೀಲ ಅಂದ್ರ ಮೂಗು ಮುರೀಬ್ಯಾಡ, ಚಲೋ ಹುಡುಗ್ರು ಅದಾರ, ಮಠ್ಠಾನೂ ಅದಾರ, ರೊಕ್ಕಾ ಕೊಟ್ಟವ್ರಾಗೂ ಹಂಗೇ.

ಹೆಸರು_ಬ್ಯಾಡ_ಬಿಡ್ರಿ

21 ಕೆಜಿ ಗಾಂಜಾ ಗಾಡ್ಯಾಗ ಸಿಕ್ಕೈತಿ, ಇವ್ರಿಗೆ ಪಿಪಿ ಮಾತು ಚುಚ್ಚೇತಂತ. ನಮ್ಮ ಓಣ್ಯಾಗ ಪಿಯುಸಿ ಹುಡುಗ್ರು ಸಂಜೀಕ ಗ್ರೌಂಡಿನ ಗ್ವಾಡಿ ಹಿಂದ ಏನ್ ಮಾಡ್ತಾರ ಬಂದು ನೋಡ್ರಿ. ಪಿಪಿ ಹೇಳಿದ್ದ ಕರೆಕ್ಟ್.

ಮೆಣಸಿನಕಾಯಿ_ಹೊಲ

ನಿಮ್ಮ ಸಿಟ್ಟು ತಿಳೀತೈತಿ ಸರ, ನಮ್ಮೂರಾಗೂ ಹುಡುಗ್ರು ಅದಾರ. ಅವ ಮಾಡಿದ್ರ ಅನುಭವಿಸ್ಲಿ. ಮಾಡ್ಯಾನ ಅಂತ ಮಾಲು ತೋರ್ಸಿ ಹೇಳ್ಲಿ, ಓಸಿ ಚೀಟಿ ತೋರ್ಸಿ ಅಲ್ಲ, ಅಷ್ಟ ನನ್ನ ತಕರಾರು.

ಕರಿಕೋಟು_ಧಾರವಾಡ

ಇನ್ನೊಂದು ಬರಿಯೂದು ಉಳಿದಿತ್ತು. ಪಿಪಿ ಮಾತೊಂದೇ ಹಿಡ್ಕೊಂಡು ಹೋದ್ರ ಅದಕ್ಕ ಕಾಲಿಲ್ಲ. ವಿಚಾರಣಿ ಒಳಗ ಏನರ ತಪ್ಪಾದ್ರೂ ಅದರಿಂದ ನ್ಯಾಯಕ್ಕ ಧಕ್ಕಿ ಆಗೇದ ಅಂತ ತೋರಸಬೇಕು, ಇಲ್ಲಂದ್ರ ತೀರ್ಪು ಬದಲ್ಸೂದಿಲ್ಲ, ಸಿಆರ್‌ಪಿಸಿ 465. ಮೊದಲ ಅಪೀಲ್ ಅಂದ್ರ ಹೈಕೋರ್ಟ್ ಎಲ್ಲಾ ಸಾಕ್ಷಿ ಮತ್ತ ತೂಗಿ ನೋಡ್ತದ, ಅದೇ ನಿಮ್ಮ ದೊಡ್ಡ ಅವಕಾಶ. ಹಂಗಾಗಿ ಪಂಚನಾಮಿ ಮತ್ತ ಮತ್ತ ಓದ್ರಿ. 21 ಕೆಜಿ 400 ಅಂತೀರಲ್ಲ, ಅದು ಚೀಲ ಸಮೇತನೋ ಚೀಲ ಬಿಟ್ಟೋ? ದೇಟು, ಎಲಿ, ಬೀಜ ಬ್ಯಾರೆ ಮಾಡಿದ್ರೋ ಇಲ್ಲೋ? ಕಾನೂನಿನ ಪ್ರಕಾರ ಗಾಂಜಾ ಅಂದ್ರ ಗಿಡದ ಹೂವಿನ ಕಾಯಿನ ತುದಿ, ತುದಿ ಜೋಡಿ ಇಲ್ಲದ ಬರೇ ಬೀಜ ಎಲಿ ಗಾಂಜಾ ಅಲ್ಲ. ಕೆಲವು ಹೈಕೋರ್ಟ್ ಬೇಲ್ ಹಂತದಾಗ ಈ ವಾದಾ ಒಪ್ಯಾವ, ಅಪೀಲಿನ್ಯಾಗ ಒಪ್ಪೇ ಒಪ್ತಾರ ಅಂತ ನಾ ಹೇಳೂದಿಲ್ಲ. ಆದ್ರ 20ರ ಕೆಳಗ ಇಳಿಸಿದ್ರ ಎಷ್ಟು ಫರಕ್ ನೋಡ್ರಿ: ಕಮರ್ಷಿಯಲ್ ಅಂದ್ರ ಕನಿಷ್ಠ 10 ವರ್ಷ ಕೊಡ್ಲೇಬೇಕು, ಅದಕ್ಕ ಕೆಳಗಿಂದು ಅಂದ್ರ 10 ವರ್ಷದ ತನಕ ಎಷ್ಟರ ಕೊಡಬಹುದು, ಕನಿಷ್ಠ ಅಂತ ಇಲ್ಲ, ಒಳಗ ಕಳದ ವರ್ಷ ಸಾಕು ಅಂತ ಹೇಳೂ ಅಧಿಕಾರ ಕೋರ್ಟಿಗೆ ಬರ್ತದ.

ಸ್ಯಾಂಪಲ್ ಎಲ್ಲಿ ತಗದ್ರು ಅದನ್ನೂ ನೋಡ್ರಿ. 2016ರ ಮೋಹನ್‌ಲಾಲ್ ಕೇಸ್ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದ ತಗೀಬೇಕು, ರೋಡಿನ ಬಾಜೂಕ ತಗದ್ರೂ ಅಂತ ಇದ್ರ ಅದೊಂದು ಗ್ರೌಂಡ್. ಆದ್ರ 2025ರ ಜನವರಿ ಒಳಗ ಭಾರತ್ ಆಂಬಳೆ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಇದೊಂದ ತಪ್ಪಿಂದ ಕೇಸ್ ಬೀಳೂದಿಲ್ಲ, ಉಳಿದ ಸಾಕ್ಷಿ ಗಟ್ಟಿ ಇದ್ರ ನಡೀತದ ಅಂದದ, ಹಂಗಾಗಿ ಅದರ ಮ್ಯಾಲೆ ಒಂದ ಭಾರ ಹಾಕಬ್ಯಾಡ್ರಿ.

ಅಪೀಲ್ ಮುಗಿಯೂದಕ್ಕ ವರ್ಷಗಟ್ಟಲೆ ಹಿಡೀಬಹುದು, ಅದಕ್ಕ ಅಪೀಲ್ ಜೋಡಿನೇ ಶಿಕ್ಷಾ ಸಸ್ಪೆಂಡ್ ಮಾಡ್ರಿ ಅಂತ ಅರ್ಜಿ ಹಾಕಬೇಕು. ಎನ್‌ಡಿಪಿಎಸ್ ಒಳಗ 32ಎ ಅಂತ ಒಂದು ಸೆಕ್ಷನ್ ಅದ, ಶಿಕ್ಷಾ ಸಸ್ಪೆಂಡ್ ಮಾಡೂ ಹಂಗಿಲ್ಲ ಅಂತ, ಅದನ್ನ ತೋರ್ಸಿ ಕೆಲವ್ರು ಹೆದರಸ್ತಾರ. 2000ದಾಗ ದಾದು ಕೇಸಿನ್ಯಾಗ ಕೋರ್ಟಿನ ಅಧಿಕಾರ ಕಸಗೊಳ್ಳೂ ಮಟ್ಟಿಗೆ ಅದು ಸಂವಿಧಾನಕ್ಕ ವಿರುದ್ಧ ಅಂತ ಆಗೇದ. ಬೇಲ್ ಬಿಗಿ ಮಾಡೂ ಸೆಕ್ಷನ್ 37 ಮಾತ್ರ ಅಡ್ಡ ನಿಂತಿರ್ತದ, ಇಂವ ತಪ್ಪಿತಸ್ಥ ಅಲ್ಲ ಅಂತ ನಂಬಾಕ ಕಾರಣ ಅದ ಅಂತ ಕೋರ್ಟಿಗೆ ಅನಿಸಬೇಕು. ಒಳಗ ಕಳದ ದಿನ ಶಿಕ್ಷಾದಾಗ ಕಳೀತಾರ, ಅದರ ಚಿಂತಿ ಬ್ಯಾಡ. ಸೆಕ್ಷನ್ ನಂಬರ್ ಹಳೇದು ಹಾಕಬೇಕೋ ಹೊಸಾದು ಹಾಕಬೇಕೋ ಅದನ್ನ ಅಪೀಲ್ ಹಾಕಾಂವ ನೋಡ್ಕೋತಾನ, ನಿಮಗ್ಯಾಕ ತಲಿಬ್ಯಾನಿ.

ಮೆಣಸಿನಕಾಯಿ_ಹೊಲ

ಆರ್ ದಿನಾ ಬಿಟ್ಟು ಬರಿಯಾಕತ್ತೇನಿ, ಮಾಫ್ ಮಾಡ್ರಿ. ಅಣ್ಣನ್ನ ಭೆಟ್ಟಿ ಆಗಿ ಅಂವಗ ಕೊಟ್ಟಿದ್ದ ಪ್ರತಿ ತಂದೆ. 54 ಪುಟ. ಶಿರಸ್ತೇದಾರ ಅಜ್ಜಾರು ಹೇಳಿದಂಗ ಉಳಿದ ನಕಲಿಗೆ ಅರ್ಜಿನೂ ಹಾಕಿ ರಸೀದಿ ಇಸ್ಕೊಂಡೇನಿ, ಸಾಕ್ಷಿ, 313 ಹೇಳಿಕಿ ಮತ್ತ ಪಂಚನಾಮಿ ಮೊದ್ಲ ಕೊಟ್ರು. ರಾತ್ರಿ ಮೂರ್ ಸಲ ಓದಿದೆ.

ಹಳೇ ಕೇಸಿನ ಮಾತು ಪಿಪಿ ವಾದದ ಪ್ಯಾರಾದಾಗಷ್ಟ ಐತಿ, ಕಾರಣಗಳು ಕೆಳಗ ಎಲ್ಲೂ ಇಲ್ಲ. ನಾ ಎಲ್ಲಾಕ್ಕಿಂತ ಅದಕ್ಕ ಸಿಟ್ಟಾಗಿದ್ದೆ, ಅದೇ ಖಾಲಿ ಹೋತು. ಸ್ಟೇಷನ್ ಹೇಳಿಕಿನೂ ಜಡ್ಜ್ ತಗೊಂಡಿಲ್ಲ, ಕಾನೂನು ಪ್ರಕಾರ ಬರೂದಿಲ್ಲ ಅಂತ ಅವ್ರೇ ಬರದಾರ. ಕಟಕಟಿ ಮಾತು ಮಾತ್ರ ಪ್ಯಾರಾ 38ರಾಗ ಐತಿ, ಕಾರಣಗಳು ಕೆಳಗೇ: ಆರೋಪಿಯು ಸಾಕ್ಷಿ ಕಟಕಟೆಯನ್ನು ಪ್ರವೇಶಿಸಿ ತನಗೆ ತಿಳುವಳಿಕೆ ಇರಲಿಲ್ಲವೆಂದು ಹೇಳಲು ಮುಂದಾಗಿಲ್ಲ, ಇದು ಗಮನಾರ್ಹ ಅಂತ.

ಪಂಚನಾಮಿ ಒಳಗ ಒಂದು ಚೀಲ 10 ಕೆಜಿ 900, ಇನ್ನೊಂದು 10 ಕೆಜಿ 500, ಚೀಲ ಸಮೇತ ಅಂತ ಪೆನ್ನಿಲೆ ಬರದಾರ. ಗೋಣಿಚೀಲ ರೀ, ದಪ್ಪಂದು. ನಮ್ಮ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ತೂಗಿದ್ರ ಚೀಲದ ತೂಕ ಕಳದ ಪಟ್ಟಿ ಬರೀತಾರ, ಕಳೀಲಿಲ್ಲಂದ್ರ ಖರೀದಿದಾರ ಜಗಳಕ್ಕ ನಿಲ್ತಾನ, ಇಲ್ಲಿ 10 ವರ್ಷದ ಶಿಕ್ಷಾಕ್ಕ ಯಾರೂ ಕಳದಿಲ್ಲ. ನಾ ಅಂಥಾದ್ದೇ ಎರಡು ಖಾಲಿ ಚೀಲ ತೂಗಿ ನೋಡಿದೆ, 1 ಕೆಜಿ 700 ಗ್ರಾಮ್ ಬಂತು. ಪಾಟೀ ಸವಾಲಿನ್ಯಾಗ ಇದರ ಬಗ್ಗೆ ಒಂದ ಪ್ರಶ್ನಿ ಕೇಳ್ಯಾರ, ಚೀಲದ ತೂಕ ಬ್ಯಾರೆ ಮಾಡಿಲ್ಲ ಅಂದ್ರ ಸರಿ ಅಂತ ಪಿಎಸ್‌ಐ ಒಪ್ಪ್ಯಾನ. ಜಡ್ಜ್‌ಮೆಂಟಿನ್ಯಾಗ ಇದರ ಮಾತೇ ಇಲ್ಲ.

ಇನ್ನೊಂದು. ಪ್ಯಾರಾ 42ರಾಗ ಲೋಡ್ ಹೇರ್ಸಿದಾಂವಗೂ ಅಣ್ಣಗೂ ಆವತ್ತ ರಾತ್ರಿ 11 ಸಲ ಫೋನ್ ಆಗೇತಿ, ಹಂಗಾಗಿ ಗೊತ್ತಿತ್ತು ಅಂತ ಬರದಾರ. ಆದ್ರ 313ರಾಗ 47 ಪ್ರಶ್ನಿ ಅದಾವ, ಒಂದೊಂದಾಗಿ ನೋಡಿದೆ, ಫೋನಿನ ಬಗ್ಗೆ ಒಂದೂ ಇಲ್ಲ. ಇದು ಏನರ ಉಪಯೋಗಕ್ಕ ಬರ್ತೈತೇನ್ರೀ, ಇಲ್ಲಾ ನಾ ಸುಮ್ಮನ ತಿಳ್ಕೊಂಡೇನೋ?

ಕರಿಕೋಟು_ಧಾರವಾಡ

ಏನರ ಉಪಯೋಗ ಅಂತೀರಲ್ಲ, ಪಿಪಿ ಮಾತಿಗಿಂತ ಇದು ದೊಡ್ಡದು ಸಿಕ್ಕೇದ ನಿಮಗ. ಆರೋಪಿ ವಿರುದ್ಧ ಬಳಸೂ ಪ್ರತಿ ಸಂಗತಿನೂ 313ರಾಗ ಅವನ ಮುಂದಿಟ್ಟು ಏನಂತಿ ಅಂತ ಕೇಳಬೇಕು, ಕೇಳದಿದ್ರ ಅದನ್ನ ಅವನ ವಿರುದ್ಧ ತಗೊಳ್ಳೂ ಹಂಗಿಲ್ಲ, 1984ರ ಶರದ್ ಸಾರ್ಡಾ ಕೇಸಿನಿಂದ ಇದು ನಡಕೋಂತ ಬಂದದ. ಅದರಿಂದ ನಮಗ ತ್ರಾಸ ಆಗೇದ ಅಂತ ತೋರಸಬೇಕು ಅಷ್ಟ, ಗೊತ್ತಿತ್ತು ಅನ್ನೂದಕ್ಕ ಫೋನೊಂದೇ ಆಧಾರ ಅಂದ್ರ ತೋರಸೂದು ಕಷ್ಟ ಅಲ್ಲ. ಹೈಕೋರ್ಟ್ ಮತ್ತ ಕೇಳಾಕಂತ ಕೆಳಗ ಕಳಸಲೂಬಹುದು, ಅದಕ್ಕೂ ತಯಾರ ಇರ್ರಿ. ಆ ಕಾಲ್ ಲಿಸ್ಟಿಗೆ 65ಬಿ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲಿಗೆ ಎವಿಡೆನ್ಸ್ ಆಕ್ಟ್ ಕೇಳೂ ದೃಢೀಕರಣ) ಹಚ್ಚ್ಯಾರೇನು ನೋಡ್ರಿ, ಇಲ್ಲಂದ್ರ ಅದು ಸಾಕ್ಷಿ ಆಗೂದೇ ಕಷ್ಟ, 2020ರ ಅರ್ಜುನ್ ಪಂಡಿತ್‌ರಾವ್ ಕೇಸ್.

ಮತ್ತ ಈಗ 38 ಮತ್ತ 42 ಜೋಡಸ್ರಿ. ಕಟಕಟಿ ಹತ್ತಲಿಲ್ಲ ಅನ್ನೂದು, ಕೇಳದೇ ಇದ್ದ ಫೋನು, ಎರಡ ಕಾಲಿನ ಮ್ಯಾಲೆ ಅವನಿಗೆ ಗೊತ್ತಿತ್ತು ಅನ್ನೂ ತೀರ್ಮಾನ ನಿಂತದ. ಪಿಪಿ ಮಾತು ಹಿಂಗ ಬಂದ್ರ ಅದಕ್ಕ ಬೆಲಿ. ತೂಕದ್ದು ಮೂರನೇದ್ದು. ನೀವು ಮನ್ಯಾಗ ತೂಗಿದ್ದು ಸಾಕ್ಷಿ ಅಲ್ಲ, ಪಿಎಸ್‌ಐ ಒಪ್ಕೊಂಡಿದ್ದು ಸಾಕ್ಷಿ, ಅದೇ ಸಾಕು. 21.400ದಾಗ 1.700 ಕಳದ್ರ 19.700, ಲೆಕ್ಕಾ ನೀವೇ ಮಾಡೀರಿ ಅನ್ಕೋತೀನಿ.

ಯಾರನ್ನ ಹಚ್ಚಿದ್ರೂ 44 ದಿನ ಆಗ್ಯಾವ, ಈ ವಾರ ಹಾಕಸ್ರಿ. ಪ್ಯಾರಾ 38, 42 ಮತ್ತ ಪಿಎಸ್‌ಐ ಪಾಟೀ ಸವಾಲಿನ ಆ ಸಾಲಿಗೆ ಗೆರಿ ಹೊಡ್ಕೊಂಡು ಒಯ್ರಿ, ವಕೀಲ್ರ ಅರ್ಧಾ ತಾಸು ಉಳೀತದ. ಗೆರಿ ಝೆರಾಕ್ಸ್ ಮ್ಯಾಲೆ ಹೊಡೀರಿ ಮತ್ತ, ಕೋರ್ಟ್ ಕೊಟ್ಟ ಪ್ರತಿ ಮ್ಯಾಲೆ ಅಲ್ಲ.

ಮೆಣಸಿನಕಾಯಿ_ಹೊಲ

ಅಯ್ಯ ಸರ, ಕೋರ್ಟಿನ ಪ್ರತಿ ಮ್ಯಾಲೇ ಕೆಂಪು ಪೆನ್ನಿಲೆ ಹೊಡದಬಿಟ್ಟೇನಿ. ಈಗೇನ್ ಮಾಡ್ಲಿ?

ಹಳೇ_ಶಿರಸ್ತೇದಾರ

ಇನ್ನೊಂದು ಅರ್ಜಿ ಹಾಕು ತಮ್ಮಾ. ನಾಳೆ ಹತ್ತೂವರಿಗೆ ಕೌಂಟರ್ ತಗೀತಾರ.